ಲಗೂನಿನಲ್ಲಿ ಗ್ರೀಕರ ಉಪವಾಸದ ಊಟ

ಕೊಲ್ಲಿ ದೇಶದ ಈ ಮೆಸಯೀದ್‌ನಲ್ಲಿರುವ ನಮ್ಮ ಕಂಪನಿ ಕ್ವಾರ್ಟರ್ಸಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಒಂದು ಬಸ್ಸು ಹೊರಡುತ್ತದೆ. ನಮಾಜು ಮುಗಿಸಿ ಬಂದವರನ್ನೂ ವಾರದ ಸಾಮಾನು ತರಲು ಹೋಗುವವರನ್ನೂ ಹತ್ತಿಸಿಕೊಂಡು ಅಲ್ ವಕ್ರಾ ಮೆಟ್ರೋ ಸ್ಟೇಶನ್ನಿನ ಮುಂದೆ ಇಳಿಸುತ್ತದೆ. ಟಿಕೆಟ್ಟಿಲ್ಲ, ಕಂಪನಿಯ ಗುರುತಿನ ಚೀಟಿ ತೋರಿಸಿದರೆ ಸಾಕು. ಏಪ್ರಿಲ್ ತಿಂಗಳ ಆ ಶುಕ್ರವಾರ ನಾನೂ ನನ್ನ ಗಂಡನೂ ಮುಂದಿನಿಂದ ಮೂರನೆಯ ಸೀಟಿನಲ್ಲಿ ಕುಳಿತಿದ್ದೆವು. ಇವರು ಹೊಸ ಅಂಗಿ ತೊಟ್ಟು ದಿಬ್ಬಣಕ್ಕೆ ಹೊರಟವರ ಹಾಗೆ ಖುಷಿಯಲ್ಲಿದ್ದರು. ನನಗೆ ಬೆಳಿಗ್ಗೆಯಿಂದ ಹೊಟ್ಟೆಗೆ ಒಂದು ತುತ್ತು ಇಳಿದಿರಲಿಲ್ಲ. ಮಡಿಲಲ್ಲಿದ್ದ ನೀಲಿ ಚೀಲವನ್ನು ಎರಡು ಕೈಯಿಂದಲೂ ಹಿಡಿದುಕೊಂಡಿದ್ದೆ.

ಅದು ಮಕ್ಕಳು ಶಾಲೆಗೆ ಊಟದ ಡಬ್ಬಿ ಒಯ್ಯುವಂಥ, ಬಿಸಿ ತಾಗದ ದಪ್ಪ ಬಟ್ಟೆಯ ಚೀಲ. ಅದರೊಳಗೆ ಅಲರ್ಜಿಯಿಂದ ಉಸಿರು ಕಟ್ಟಿದರೆ ಚುಚ್ಚುವ ಎರಡು ಇಂಜೆಕ್ಷನ್ ಪೆನ್ನುಗಳು, ಟವೆಲಿನಲ್ಲಿ ಸುತ್ತಿದ ಒಂದು ಐಸ್ ಪ್ಯಾಕು. ಜೊತೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು. ಇಂಗ್ಲಿಷ್, ಅರಬಿ, ಹಿಂದಿ, ಮಲಯಾಳ ನಾಲ್ಕು ಭಾಷೆಯಲ್ಲೂ ಅದರಲ್ಲಿ ಒಂದೇ ಮಾತು ಬರೆದಿದೆ: ‘ಸಿಗಡಿ, ಏಡಿ, ಚಿಪ್ಪಿನ ಮೀನು ಯಾವುದು ತಾಗಿದರೂ ಇವರ ಪ್ರಾಣಕ್ಕೆ ಅಪಾಯ.’ ಪೆನ್ನಿನ ಔಷಧ ಸೆಕೆಯಲ್ಲಿ ಕೆಡುತ್ತದೆ. ಆ ದಿನ ಹೊರಗೆ ಮೂವತ್ತೇಳು ಡಿಗ್ರಿ ಇತ್ತು.

ಇವರದು ಗಂಗೊಳ್ಳಿಯ, ಕಡಲ ಮೀನು ಹಿಡಿಯುವ ಮೊಗವೀರರ ಮನೆ. ಹಲ್ಲು ಬರುವ ಮೊದಲೇ ಚಟ್ಲಿ ತಿಂದವರು. ನಮ್ಮ ಕಡೆ ಸಿಗಡಿಗೆ ಚಟ್ಲಿ ಎನ್ನುತ್ತೇವೆ. ಎರಡು ವರ್ಷದ ಹಿಂದೆ ಅಲ್ ಥುಮಾಮಾದಲ್ಲಿ ಸ್ನೇಹಿತರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಚಟ್ಲಿ ಸುಕ್ಕ ಮಾಡಿದ್ದರು, ಮಾಡಿದವಳು ಬ್ರಹ್ಮಾವರದವಳು, ರುಚಿಗೆ ಹೆಸರು ಮಾಡಿದವಳು. ಇವರು ಎರಡನೆಯ ಸಲ ಬಡಿಸಿಕೊಂಡು ತಿನ್ನುತ್ತಿದ್ದ ಹಾಗೆ ತುಟಿ ಊದಿತು, ದನಿ ಹೋಯಿತು, ಸೋಫಾದ ಮೇಲೆ ಒರಗಿಬಿಟ್ಟರು. ಐವತ್ತು ವರ್ಷ ಒಗ್ಗಿದ್ದು ಐವತ್ತೊಂದಕ್ಕೆ ವಿಷವಾಗಬಹುದಂತೆ, ಕಾರಣ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಮುಂದಿನ ಸಲ ಇಷ್ಟು ಹೊತ್ತು ಸಿಗಲಿಕ್ಕಿಲ್ಲ ಎಂದೂ ಹೇಳಿದರು. ಆ ಮಾತು ಅಂದಿನಿಂದ ನನ್ನ ಕಿವಿಯಲ್ಲೇ ಕೂತಿದೆ.

ಆಮೇಲೆ ನಾವು ಹೊರಗೆ ಉಣ್ಣಲಿಲ್ಲ. ಮದುವೆಗೆ ಹೋದರೆ ಡಬ್ಬಿ, ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋದರೆ ಡಬ್ಬಿ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ, ನಾನು ನೀರನ್ನೂ ಊದುವವಳಾದೆ. ಯಾವ ಸೌಟು, ಯಾವ ಎಣ್ಣೆ, ಯಾವ ಹಲಗೆ ಎಂದು ನಾನು ಕೇಳುವ ಪ್ರಶ್ನೆಗಳಿಗೆ ಬೇಸತ್ತು ಜನ ನಮ್ಮನ್ನು ಕರೆಯುವುದನ್ನೇ ಬಿಟ್ಟರು. ಇವರು ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಸಹಿಸಿಕೊಂಡರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಈ ಶುಕ್ರವಾರಕ್ಕೆ ಏನು ಬೇಕು ಎಂದು ನಾನು ಕೇಳಿದ್ದೇ ತಪ್ಪಾಯಿತು.

“ಒಂದ್ ದಿನ ಹೋಟ್ಲಂಗೆ ಕೂತ್ಕಂಡ್ ಊಟ ಮಾಡ್ಕ್,” ಎಂದರು. “ಬೇರೆ ಎಂತ ಬೇಡ.”

ಅದೂ ಗ್ರೀಕ್ ಊಟ. ಇವರ ಪ್ಲಾಂಟಿನಲ್ಲಿ ಸ್ಟಾವ್ರೋಸ್ ಎಂಬ ಗ್ರೀಕ್ ಸೂಪರ್‌ವೈಸರ್ ಇದ್ದರು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದರು. ನನ್ನ ಪ್ರಶ್ನೆಗಳ ಜಾಲರಿಯಲ್ಲಿ ಸೋಸಿ ಪಾಸಾದ ಒಂದೇ ಪರಕೀಯ ಡಬ್ಬಿ ಅವರದು. ಈಸ್ಟರ್ ಹಬ್ಬಕ್ಕೆ ಮುಂಚೆ ಅವರಿಗೆ ನಲವತ್ತು ದಿನದ ಉಪವಾಸ. ಆಗ ಬರೀ ಬೀನ್ಸು, ನಿಂಬೆ ಹಿಂಡಿದ ಆಲೂಗಡ್ಡೆ, ಸೊಪ್ಪು ತರುತ್ತಿದ್ದರಂತೆ. ಅವರು ನಿವೃತ್ತರಾಗಿ ಊರಿಗೆ ಹೋಗುವಾಗ ‘ಲಗೂನ್ ಬಡಾವಣೆಯಲ್ಲಿ ನಮ್ಮ ಕಡೆಯ ಒಳ್ಳೆ ಊಟ ಸಿಗುತ್ತದೆ, ಹೆಂಡತಿಯನ್ನು ಕರೆದುಕೊಂಡು ಹೋಗು’ ಎಂದಿದ್ದರು. ಹೋಟೆಲಿನ ಹೆಸರು ಹೇಳಿದ್ದರೋ ಇಲ್ಲವೋ, ಇವರಿಗೆ ನೆನಪಿರಲಿಲ್ಲ.

ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲಿ ಬಾಗಲಕೋಟೆಯ ಬಸವರಾಜ ಕೂತಿದ್ದ. ಇವರದೇ ಶಿಫ್ಟಿನ ಆಪರೇಟರ್.

“ಅಕ್ಕಾರ, ಎತ್ತಾಗ ಹೊಂಟೀರಿ? ಭಾಳ ತಯಾರಾಗೀರಲ್ರಿ.”

ಇವರೇ ಉತ್ತರ ಕೊಟ್ಟರು, ಗ್ರೀಕ್ ಊಟಕ್ಕೆ ಎಂದು.

“ಅದೆಂಥದ್ರಿ? ರೊಟ್ಟಿ ಸಿಗತೈತೇನ್ರಿ ಅಲ್ಲಿ?” ಎಂದ. ಆಮೇಲೆ ನನ್ನ ಮಡಿಲು ನೋಡಿ ದನಿ ಇಳಿಸಿದ. “ಏನೂ ಆಗೂದಿಲ್ರಿ ಅಕ್ಕಾರ. ನೀವು ಹಿಂಗ ಮುಖ ಮಾಡ್ಕೊಂಡು ಕೂತ್ರ ಅಣ್ಣಾರಿಗೆ ಉಂಡದ್ದು ಮೈಗೆ ಹತ್ತೂದಿಲ್ಲ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. ಹುಟ್ಟುಹಬ್ಬದ ಮನೆಯಲ್ಲೂ ಎಲ್ಲರೂ ಹಾಗೆಯೇ ಹೇಳುತ್ತಿದ್ದರು, ಇವರು ಉಸಿರಿಗೆ ಒದ್ದಾಡುತ್ತಿದ್ದಾಗ.

ಇಪ್ಪತ್ತೈದು ನಿಮಿಷದಲ್ಲಿ ಅಲ್ ವಕ್ರಾ ಬಂತು. ಬಸ್ಸಿನಿಂದ ಸ್ಟೇಶನ್ನಿನ ಬಾಗಿಲಿಗೆ ಇನ್ನೂರು ಹೆಜ್ಜೆ ಬಿಸಿಲು. ಚೀಲವನ್ನು ಸೆರಗಿನೊಳಗೆ ಸೇರಿಸಿಕೊಂಡು ಓಡಿದೆ. ಸೆಕ್ಯುರಿಟಿಯ ಆಫ್ರಿಕನ್ ಹುಡುಗಿ ಸಂಶಯದಿಂದ ನೋಡಿದಳು. ಚೀಲ ಬಿಚ್ಚಿ ಪೆನ್ನು ತೋರಿಸಿದಾಗ “ಸಾರಿ ಮಮ್ಮಾ” ಎಂದು ಒಳಗೆ ಬಿಟ್ಟಳು. ಟಿಕೆಟ್ ಒಬ್ಬರಿಗೆ ಎರಡು ರಿಯಾಲು. ಅಷ್ಟಕ್ಕೆ ಈ ತುದಿಯಿಂದ ಆ ತುದಿಯವರೆಗೆ ಹೋಗಬಹುದು. ಡ್ರೈವರಿಲ್ಲದ ರೈಲು ಮೊದಲು ಸೇತುವೆಯ ಮೇಲೆ ಹೋಗುತ್ತದೆ, ಎಡಕ್ಕೂ ಬಲಕ್ಕೂ ಮಾಸಲು ಮರಳು, ದೂರದಲ್ಲಿ ವಿಮಾನ ನಿಲ್ದಾಣ. ಆಮೇಲೆ ನೆಲದೊಳಗೆ ಇಳಿಯುತ್ತದೆ.

ಇಳಿದದ್ದೇ ನನಗೆ ಹೊಸ ದಿಗಿಲು ಹತ್ತಿತು. ಇಲ್ಲಿ ಏನಾದರೂ ಆದರೆ ಆಂಬ್ಯುಲೆನ್ಸಿನವರು ಎಲ್ಲಿಂದ ಬರಬೇಕು? ಇವರು ಏನೂ ತಿಂದಿರಲಿಲ್ಲ, ಏನೂ ಆಗುವ ಹಾಗಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಪ್ರತಿ ಸ್ಟೇಶನ್ನಿನಲ್ಲೂ ಇಲ್ಲಿಂದ ಆಸ್ಪತ್ರೆ ಎಷ್ಟು ದೂರ ಎಂದು ಫೋನಿನಲ್ಲಿ ನೋಡಿದೆ. ಎದುರಿನ ಸೀಟಿನಲ್ಲಿ ಒಬ್ಬಳು ತಾಯಿ ಮಗುವಿಗೆ ಪೊಟ್ಟಣದಿಂದ ಚಿಪ್ಸು ತಿನ್ನಿಸುತ್ತಿದ್ದಳು. ರೈಲಿನಲ್ಲಿ ತಿನ್ನಬಾರದು ಎಂಬ ನಿಯಮವಿದ್ದರೂ ಕದ್ದು ತಿನ್ನಿಸುತ್ತಿದ್ದಳು. ಅದು ಸಿಗಡಿ ರುಚಿಯ ಚಿಪ್ಸೇ ಇರಬೇಕು ಎಂದು ನನಗೆ ಅನ್ನಿಸಿ, ಇವರ ಕೈ ಹಿಡಿದು ಎಬ್ಬಿಸಿ ಪಕ್ಕದ ಬೋಗಿಗೆ ಎಳೆದೆ. ಇವರು ಎದ್ದು ಬಂದರು. ಪೊಟ್ಟಣದ ಮೇಲೆ ಟೊಮೇಟೊ ಚಿತ್ರವಿದ್ದುದನ್ನು ಇಬ್ಬರೂ ನೋಡಿದೆವು.

ಲೆಗ್ತೈಫಿಯಾ ಸ್ಟೇಶನ್ನಿನಲ್ಲಿ ಇಳಿದು, ಅಲ್ಲಿಂದ ಪುಕ್ಕಟೆ ಓಡುವ ಮೆಟ್ರೋಲಿಂಕ್ ಬಸ್ಸು ಹಿಡಿದು ಲಗೂನಿಗೆ ಬಂದಾಗ ಎರಡೂಮುಕ್ಕಾಲು. ಮೆಸಯೀದ್‌ನಲ್ಲಿ ಹನ್ನೊಂದು ವರ್ಷದಿಂದ ಕೊಳವೆ, ಟ್ಯಾಂಕು, ಚಿಮಣಿಯ ಬೆಂಕಿ ನೋಡಿಕೊಂಡಿದ್ದವಳಿಗೆ ಆ ಬಡಾವಣೆ ಬೇರೆ ದೇಶವೇ ಆಗಿತ್ತು. ರಸ್ತೆಯ ಎರಡೂ ಬದಿಗೆ ಬೇವಿನ ಮರ, ಬೋಗನ್‌ವಿಲ್ಲಾ ತುಂಬಿ ಹೊರಗೆ ಚೆಲ್ಲಿದ ಎತ್ತರದ ಗೋಡೆಗಳು. ಪ್ರತಿ ಮರದ ಬುಡದಲ್ಲೂ ಹನಿ ನೀರಿನ ಕಪ್ಪು ಪೈಪು ಸುತ್ತಿಕೊಂಡಿತ್ತು. ಆ ಪೈಪು ಎರಡು ದಿನ ನಿಂತರೆ ಈ ಹಸಿರೆಲ್ಲ ಖಲಾಸ್. ಮನೆಗಳ ನಡುವೆ ಸಮುದ್ರದ ನೀರು ಕೆರೆಯ ಹಾಗೆ ಒಳಗೆ ಬಂದು ಅಲೆಯಿಲ್ಲದೆ ನಿಂತಿತ್ತು. ಇವರು ನಿಂತು ನೋಡಿದರು. ನಾನು ಯಾವ ಗಲ್ಲಿಗೆ ಆಂಬ್ಯುಲೆನ್ಸ್ ನುಗ್ಗಬಹುದು, ಯಾವುದಕ್ಕೆ ಗೇಟಿದೆ ಎಂದು ನೋಡಿಕೊಂಡೆ.

ನೀರಿನ ಬದಿಯಲ್ಲಿ ಗ್ರೀಕ್ ಎಂದು ಬೋರ್ಡು ಹಾಕಿದ ಒಂದು ದೊಡ್ಡ ಹೋಟೆಲು ಸಿಕ್ಕಿತು. ಬಿಳಿ ಗೋಡೆ, ನೀಲಿ ಕುರ್ಚಿ. ಬಾಗಿಲಲ್ಲೇ ಮಂಜುಗಡ್ಡೆಯ ಮೇಲೆ ಮೀನು, ಏಡಿ, ಅಂಗೈ ಉದ್ದದ ಚಟ್ಲಿಗಳನ್ನು ಸಾಲಾಗಿ ಮಲಗಿಸಿದ್ದರು. ನಾನು ಇವರನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದೆ. ಇವರು ಮೂಗಿಗೆ ಕರವಸ್ತ್ರ ಹಿಡಿದು ನಿಂತರು. ವೇಟರು ಕಣ್ಣೂರಿನ ಹುಡುಗ. ಕಾರ್ಡು ಕೊಟ್ಟೆ, ಮಲಯಾಳದ ಸಾಲನ್ನು ಎರಡು ಸಲ ಓದಿದ. ಎಣ್ಣೆ ಯಾವುದು, ಬಾಣಲೆ ಬೇರೆಯೋ ಎಂದು ನಾನು ಶುರು ಮಾಡಿದೆ.

ಅವನು ಒಳಗೆ ಹೋಗಿ ಕೇಳಿಕೊಂಡು ಬಂದು ಹಿಂದಿಯಲ್ಲಿ ಹೇಳಿದ: “ಚೇಚಿ, ಸುಳ್ಳು ಹೇಳುವುದಿಲ್ಲ. ಆಲೂಗಡ್ಡೆ ಕರಿಯುವ ಎಣ್ಣೆಯಲ್ಲೇ ಎಲ್ಲವನ್ನೂ ಕರಿಯುತ್ತಾರೆ. ಅಣ್ಣ ಇಲ್ಲಿ ತಿನ್ನುವುದು ಬೇಡ.”

ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಹೊರಗೆ ಬಂದು, ಸರಿ, ನೋಡಿದ್ದಾಯಿತಲ್ಲ, ಮಧ್ಯಾಹ್ನಕ್ಕೆಂದು ಹೆಗಲ ಚೀಲದಲ್ಲಿ ಕೊಚ್ಚಕ್ಕಿ ಗಂಜಿಯ ಡಬ್ಬಿ ತಂದಿದ್ದೇನೆ, ಉಂಡು ಮನೆಗೆ ಹೋಗೋಣ ಎಂದೆ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಇವರು ನೀರಿನ ಬದಿಯ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟರು.

“ನಂಗೆ ಸಾಯುಕೆ ಮನಸಿಲ್ಲೆ,” ಎಂದರು. “ಆರೆ ಹೀಂಗೆ ಡಬ್ಬಿ ಹಿಡ್ಕಂಡ್ ಬದ್ಕುಕೂ ಮನಸಿಲ್ಲೆ ಮಾರಾಯ್ತಿ. ಎಲ್ಲರ ಹಾಂಗೆ ಒಂದ್ಸಲ ಕೂತ್ ತಿಂದ್ ಎದ್ಕಂಡ್ ಬಪ್ಪ. ಒಂದೇ ಸಲ.”

ಇಪ್ಪತ್ತೈದು ವರ್ಷದಲ್ಲಿ ಇವರು ನನ್ನನ್ನು ಬೇಡಿದ್ದು ಕಡಿಮೆ.  ಇನ್ನೊಂದು ಜಾಗ ಸಿಕ್ಕರೆ ನೋಡೋಣ ಎಂದೆ. ಒಂದು ವಿಲ್ಲಾದ ಗಿಡಗಳಿಗೆ ನೀರು ಬಿಡುತ್ತಿದ್ದ ಬಂಗಾಳಿ ಮಾಲಿಯನ್ನು ಕೇಳಿದಾಗ, ಹಿಂದಿನ ರಸ್ತೆಯಲ್ಲಿ ಲಾಂಡ್ರಿಯ ಪಕ್ಕ ಒಬ್ಬಳು ಗ್ರೀಕ್ ಅಮ್ಮ ಅಡುಗೆ ಮಾಡುತ್ತಾಳೆ, ಆರೇ ಮೇಜು, ಗೋರಾಗಳೆಲ್ಲ ಅಲ್ಲೇ ತಿನ್ನುವುದು ಎಂದು ಕೈ ತೋರಿಸಿದ. ಸ್ಟಾವ್ರೋಸ್ ಹೇಳಿದ್ದು ಅದನ್ನೇ ಇರಬೇಕು ಎಂದು ಇವರು ಮುಂದೆ ಮುಂದೆ ನಡೆದರು.

ಬೇವಿನ ನೆರಳಿನಲ್ಲಿದ್ದ ಸಣ್ಣ ಅಂಗಡಿ ಅದು. ಮೀನಿನ ಪೆಟ್ಟಿಗೆಯಿರಲಿಲ್ಲ, ನೀಲಿ ಕುರ್ಚಿಯೂ ಇರಲಿಲ್ಲ. ಬೆಳ್ಳುಳ್ಳಿ, ನಿಂಬೆ, ಬೆಂದ ಬೀನ್ಸಿನ ವಾಸನೆ ಬರುತ್ತಿತ್ತು. ಅರವತ್ತು ದಾಟಿದ ಸೋಫಿಯಾ ಎಂಬ ಹೆಂಗಸು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ತಾನೇ ಬಂದಳು. ನಾನು ಚೀಲದ ಜಿಪ್ಪು ಎಳೆದು ಕಾರ್ಡು ಅರ್ಧ ಹೊರಗೆ ತೆಗೆದಿದ್ದೆ. ಅಷ್ಟರಲ್ಲಿ ಅವಳು ಕ್ಷಮೆ ಕೇಳುವವಳ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು:

“ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮ ಈಸ್ಟರ್ ಉಪವಾಸ. ಹಬ್ಬದವರೆಗೆ ನನ್ನ ಅಡುಗೆಮನೆಯಲ್ಲಿ ಉಪವಾಸದ ಊಟ ಮಾತ್ರ. ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲು ಬೆಣ್ಣೆಯೂ ಇಲ್ಲ. ಬೇಸರವಿಲ್ಲ ತಾನೇ?”

ಬೇಸರವೇ! ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಕೆಳಗಿಟ್ಟ ಹಾಗಾಯಿತು. ನಮ್ಮ ಕಡೆ ಉಪವಾಸವೆಂದರೆ ಉಪವಾಸ. ಶನಿವಾರ, ಏಕಾದಶಿ, ಸಂಕಷ್ಟಿ ಯಾವ ದಿನವೇ ಇರಲಿ, ಮೀನು ಕೊಯ್ದ ಕತ್ತಿಯನ್ನೂ ಮುಟ್ಟುವುದಿಲ್ಲ. ಮೀನು ಬೇಯಿಸಿದ ಮಡಕೆ ಹೊರಗಿನ ಜಗಲಿಗೆ ಹೋಗುತ್ತದೆ. ಸೌಟು, ಎಣ್ಣೆ, ಹಲಗೆಯ ನನ್ನ ಪ್ರಶ್ನೆಗಳಿಗೆಲ್ಲ ಒಂದೇ ಮಾತಿನಲ್ಲಿ ಉತ್ತರ ಸಿಕ್ಕಿತ್ತು. ಸ್ಟಾವ್ರೋಸರ ಡಬ್ಬಿಯೂ ಅದನ್ನೇ ಹೇಳಿತ್ತಲ್ಲ. ಕಾರ್ಡನ್ನು ಚೀಲದೊಳಗೆ ತಳ್ಳಿ ಜಿಪ್ಪು ಎಳೆದೆ. ಏನಿದೆಯೋ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಡಿ ಎಂದು ನಾನೇ ಹೇಳಿದೆ.

ಊಟ ಒಂದೊಂದಾಗಿ ಬಂತು. ಅವರೆಕಾಳಿನ ಮೂರು ಪಟ್ಟು ದೊಡ್ಡದಾದ ಬಿಳಿ ಬೀನ್ಸು, ಟೊಮೇಟೊ ಗೊಜ್ಜಿನಲ್ಲಿ ಒಲೆಯೊಳಗಿಟ್ಟು ಬೇಯಿಸಿದ್ದು. ನಿಂಬೆಹುಳಿ ಹೀರಿಕೊಂಡ ಆಲೂಗಡ್ಡೆ. ಹರಿವೆಯಂಥ ಯಾವುದೋ ಕಹಿ ಸೊಪ್ಪು, ಬರೀ ಉಪ್ಪು, ಎಣ್ಣೆ. ಎಳ್ಳರೆದು ಮಾಡಿದ ಚಟ್ನಿ, ದಪ್ಪ ಬ್ರೆಡ್ಡು, ಸುಕ್ಕುಗಟ್ಟಿದ ಕಪ್ಪು ಆಲಿವ್. ಆಲಿವ್ ಬಾಯಿಗೆ ಹಾಕಿದಾಗ ಇವರು ಮುಖ ಹಿಂಡಿ, “ಇದೆಂತ, ಉಪ್ಪಲ್ಲಿ ಹಾಕಿದ್ ನೇರಳೆ ಹಣ್ಣಾ?” ಎಂದರು. ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಸೊಪ್ಪಿಗೆ ನಕ್ಕೆ, ರೈಲಿನ ಟೊಮೇಟೊ ಚಿಪ್ಸು ನೆನೆದು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹಸಿವೆಯೂ ಆಗ ಗೊತ್ತಾಯಿತು. ಇವರು ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಕೊನೆಗೆ ಪಾಲಕ್ ಹಾಕಿದ ಅನ್ನ ಬಂತು. ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸಿದ್ದರು. ಹಸಿರು, ಮೆತ್ತಗೆ, ನಮ್ಮ ಸೊಪ್ಪಿನ ಬಾತಿನ ಹಾಗೆಯೇ. ಇವರು ಚಮಚ ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದರು.

“ಚಟ್ಲಿ ವಾಸ್ನಿ ಬತ್ತಿಲ್ಯಾ?”

ಅನ್ನವನ್ನು ಕೆದಕಿ ನೋಡಿದೆ. ಸೊಪ್ಪು, ಈರುಳ್ಳಿ, ಅಕ್ಕಿ. ಬೇರೆ ಚೂರು ಏನೂ ಇರಲಿಲ್ಲ.

“ಉಪಾಸದ್ ಊಟಕ್ಕೆ ಚಟ್ಲಿ ಎಲ್ಲಿಂದ ಬತ್ತ್?” ಎಂದೆ ನಗುತ್ತಲೇ. “ಹತ್ರ ಸಮುದ್ರ ಇತ್ತಲೆ, ನಿಮ್ಗೆ ಗಂಗೊಳ್ಳಿ ಬಂದರು ನೆನ್ಪಾಯಿತ್. ತಿನ್ನಿ ಕಾಣ್ವ.”

ಇವರು ನನ್ನ ಮುಖ ನೋಡಿದರು. ತಿಂದರು. ಇನ್ನೊಂದು ಚಮಚ ತಿಂದರು.

ಮೊದಲು ಅಂಗೈ ಕೆರೆದುಕೊಂಡರು. ಆಮೇಲೆ ಕಿವಿ. ಒಂದು ಸಣ್ಣ ಕೆಮ್ಮು. ನಾನು ಬ್ರೆಡ್ಡು ಮುರಿಯುತ್ತಿದ್ದವಳು ತಲೆ ಎತ್ತಿದಾಗ ಕೆಳತುಟಿ ಆಗಲೇ ದಪ್ಪವಾಗಿತ್ತು. “ನೀರ್...” ಎಂದದ್ದು ಇವರ ದನಿಯಲ್ಲ, ಗೋಣಿಯೊಳಗಿಂದ ಬಂದ ದನಿ.  ಪ್ರತಿ ಭಾನುವಾರ ದಿಂಬಿನ ಮೇಲೆ ಅಭ್ಯಾಸ ಮಾಡುವವಳು ನಾನು. ನೀಲಿ ಮುಚ್ಚಳ ತೆಗೆ, ಕಿತ್ತಳೆ ತುದಿ ತೊಡೆಗೆ, ಒತ್ತು, ಹತ್ತು ಎಣಿಸು. ಅದೆಲ್ಲ ತಲೆಯಿಂದ ಹಾರಿಹೋಯಿತು. ಚೀಲದ ಜಿಪ್ಪಿಗೆ ಬಟ್ಟೆ ಸಿಕ್ಕಿಕೊಂಡಿತು, ನಾನೇ ಅವಸರದಲ್ಲಿ ಎಳೆದು ಸಿಕ್ಕಿಸಿದ್ದು. ಹಲ್ಲಿನಿಂದ ಕಚ್ಚಿ ಹರಿದೆ.

ಇವರು ಕುರ್ಚಿಯಿಂದ ಜಾರುತ್ತಿದ್ದರು. ವೇಟರು ನೇಪಾಳಿ, ಓಡಿ ಬಂದು ಹಿಡಿದು ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಕುರ್ಚಿಯ ಮೇಲಿಟ್ಟ. ಪೆನ್ನನ್ನು ಪ್ಯಾಂಟಿನ ಮೇಲಿಂದಲೇ ತೊಡೆಗೆ ಒತ್ತಿದೆ. ಟಕ್ ಎಂಬ ಶಬ್ದ ಬಂತು. ಹತ್ತು ಎಣಿಸಬೇಕು. ನಾನು ಐದರ ನಂತರ ಮತ್ತೆ ಒಂದರಿಂದ ಶುರು ಮಾಡಿದೆ. ಸೋಫಿಯಾ ಫೋನಿನಲ್ಲಿ ಅರಬಿಯಲ್ಲಿ ಕೂಗುತ್ತಿದ್ದಳು, ಆಮೇಲೆ ಇಂಗ್ಲಿಷಿನಲ್ಲಿ, ಆಮೇಲೆ ಬೀದಿಗೆ ಓಡಿದಳು. ಇವರ ಕಣ್ಣು ನನ್ನ ಮೇಲಿತ್ತು. ಉಸಿರು ಸೀಟಿ ಹೊಡೆಯುತ್ತಿತ್ತು, ಎಳೆದಷ್ಟೂ ಒಳಗೆ ಹೋಗುತ್ತಿರಲಿಲ್ಲ. ಕೆಲವು ನಿಮಿಷ ಬಿಟ್ಟು ಎರಡನೆಯ ಪೆನ್ನು ಇನ್ನೊಂದು ತೊಡೆಗೆ ಒತ್ತಿದೆ. ಅದಾದ ಮೇಲೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಇವರ ತಲೆಯನ್ನು ಹಿಡಿದುಕೊಂಡು ‘ಉಸಿರು ತಕಣಿ, ಉಸಿರು ತಕಣಿ’ ಎಂದು ಹೇಳುತ್ತ ಕೂತೆ. ಆಂಬ್ಯುಲೆನ್ಸ್ ಬರಲು ಹನ್ನೊಂದು ನಿಮಿಷ ಹಿಡಿಯಿತು ಎಂದು ಆಮೇಲೆ ಆ ನೇಪಾಳಿ ಹೇಳಿದ. ನನಗೆ ಅದರ ಲೆಕ್ಕ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಇವರನ್ನು ಒಳಗೆ ಒಯ್ದರು. ನಾನು ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಐದು ಗಂಟೆಯ ಹೊತ್ತಿಗೆ ಸೋಫಿಯಾ ಏಪ್ರನ್ ಸಮೇತ ಬಂದಳು. ನನ್ನ ಪಕ್ಕದಲ್ಲಿ ಕೂತು ಬಲದಿಂದ ಎಡಕ್ಕೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತ ಅತ್ತಳು.

“ಉಪವಾಸ ಎಂದಿರಿ. ಮೀನು ಇಲ್ಲ ಎಂದಿರಿ,” ಎಂದೆ. 

“ಮೀನು ಇರಲಿಲ್ಲ,” ಎಂದಳು ಅವಳು. “ಸಿಗಡಿಯ ತಲೆ ಕುದಿಸಿ, ಸೋಸಿ, ಆ ನೀರಿನಲ್ಲಿ ಅನ್ನ ಮಾಡುತ್ತೇನೆ. ನನ್ನ ತಾಯಿ ಹಾಗೇ ಮಾಡುತ್ತಿದ್ದಳು. ಸಿಗಡಿಗೆ, ಸ್ಕ್ವಿಡ್ಡಿಗೆ, ಚಿಪ್ಪಿನದಕ್ಕೆಲ್ಲ ರಕ್ತವಿಲ್ಲ. ರಕ್ತವಿಲ್ಲದ್ದು ಉಪವಾಸಕ್ಕೆ ನಡೆಯುತ್ತದೆ. ನಿಮಗೆ ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ...”

ಒಂದು ಮಾತು. ನಾಲ್ಕು ಭಾಷೆಯಲ್ಲಿ ಬರೆಸಿಟ್ಟುಕೊಂಡ ಆ ಮಾತನ್ನು ಚೀಲದೊಳಗೆ ತಳ್ಳಿ ಜಿಪ್ಪು ಎಳೆದವಳು ನಾನು. ಅವಳ ಮೇಲೆ ಸಿಟ್ಟು ಮಾಡಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ನನ್ನ ತವರು ಮರವಂತೆಯಲ್ಲಿ ಪಕ್ಕದ ಮನೆ ಲೀನಾ ಬಾಯಿಯದು. ಈಸ್ಟರ್ ಮುಂಚಿನ ಶುಕ್ರವಾರಗಳಲ್ಲಿ ಅವರಿಗೆ ಉಪವಾಸ, ಅಂದೇ ಅವರ ಮನೆಯಲ್ಲಿ ಬಂಗುಡೆ ಸಾರು. ದೋಣಿಯಿಂದ ಮೀನು ತಂದು ಅವರ ಅಂಗಳಕ್ಕೆ ಕೊಟ್ಟವಳೇ ನಾನು. ಉಪವಾಸದ ದಿನ ಮೀನು ಹೇಗೆ ತಿನ್ನುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ. ಕಣ್ಣೆದುರು ಕಂಡದ್ದು ಬೇಕಾದ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ನಮ್ಮ ಉಪವಾಸವೇ ಲೋಕದ ಉಪವಾಸ ಎಂದುಕೊಂಡೆ. ಸೋಫಿಯಾಳ ಕೈ ನನ್ನ ಕೈಯೊಳಗಿತ್ತು, ಯಾವಾಗ ಹಿಡಿದುಕೊಂಡೆನೋ ಗೊತ್ತಿಲ್ಲ.

ಆರೂವರೆಗೆ ಡಾಕ್ಟರು ಹೊರಗೆ ಬಂದು ಅಪಾಯ ದಾಟಿತು ಎಂದರು. ಮತ್ತೊಮ್ಮೆ ಮರುಕಳಿಸಬಹುದು, ಬೆಳಗಿನವರೆಗೆ ಇರಲಿ ಎಂದರು. ಎರಡನೆಯ ಪೆನ್ನು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಎಲ್ಲವನ್ನೂ ಕೇಳುವವಳು ಅದೊಂದನ್ನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬಿಟ್ಟರು. ಟ್ಯಾಕ್ಸಿಯಲ್ಲಿ ಹೋಗೋಣ ಎಂದರೆ ಇವರು ಕೇಳಲಿಲ್ಲ, ರೈಲಿನಲ್ಲಿ ತಂಪಾಗಿರುತ್ತದೆ ಎಂದರು. ಹೊಸ ಎರಡು ಪೆನ್ನುಗಳನ್ನು ಆಸ್ಪತ್ರೆಯವರೇ ಕೊಟ್ಟಿದ್ದರು. ಹರಿದ ಚೀಲಕ್ಕೆ ನರ್ಸಮ್ಮ ಪ್ಲಾಸ್ಟರು ಅಂಟಿಸಿಕೊಟ್ಟಿದ್ದಳು. ಶನಿವಾರದ ಬೆಳಗಾದ್ದರಿಂದ ರೈಲಿನ ಬೋಗಿ ಖಾಲಿಯಿತ್ತು. ಇವರ ಮುಖ ಇನ್ನೂ ಊದಿಕೊಂಡು ಯಾರದೋ ಮುಖದ ಹಾಗಿತ್ತು. ಬೆಳ್ಳಂಬೆಳಿಗ್ಗೆ ಬಸವರಾಜ ಫೋನು ಮಾಡಿದ್ದ, ಕಾರು ತೆಗೆದುಕೊಂಡು ಅಲ್ ವಕ್ರಾ ಸ್ಟೇಶನ್ನಿಗೆ ಬರುತ್ತೇನೆ ಎಂದಿದ್ದ.

ನಾಲ್ಕು ಸ್ಟೇಶನ್ ದಾಟಿದವು. ಆಮೇಲೆ ನಾನು ರಾತ್ರಿಯೆಲ್ಲ ಕಟ್ಟಿಟ್ಟುಕೊಂಡದ್ದನ್ನು ಹೇಳಿದೆ. ತಪ್ಪು ನನ್ನದು, ನಿಮ್ಮ ಮೂಗಿಗೆ ವಾಸನೆ ಬಂದಿತ್ತು, ನೀವು ಕೇಳಿದಿರಿ, ನಾನೇ ತಿನ್ನಿ ಎಂದೆ, ನಾನೇ ನಿಮ್ಮನ್ನು ಕೊಲ್ಲುತ್ತಿದ್ದೆ ಎಂದು ಅತ್ತೆ.

 ಇವರ ಗಂಟಲು ಇನ್ನೂ ನೋಯುತ್ತಿತ್ತು, ಒಂದೊಂದೇ ಮಾತು ಎತ್ತಿಟ್ಟ ಹಾಗೆ ಹೇಳಿದರು.

“ನಿನ್ ಮಾತ್ ಕೇಂಡ್ ತಿಂದದ್ದಲ್ಲ. ಚಟ್ಲಿ ವಾಸ್ನಿ ನಂಗೆ ಗ್ವತ್ತಿಲ್ಯಾ? ಗಂಗೊಳ್ಳಿಯವ ನಾನ್. ಅರ್ಧ ಗ್ವತ್ತಿತ್ತ್.”

“ಮತ್ ಎಂತಕ್ಕೆ ತಿಂದ್ರಿ?”

“ನೀ ನಗ್ತಾ ಇದ್ದಿದ್ದೆ.”

ನಾನು ಇವರ ಕಡೆಗೆ ತಿರುಗಿದೆ.

“ಎರಡ್ ವರ್ಷ ಆಯ್ತ್, ನೀ ನಗ್ದೆ,” ಎಂದರು. “ನಾ ಚಮ್ಚ ಕೆಳ್ಗಿಟ್ರೆ ನಿನ್ ನಗಿ ಅಲ್ಲಿಗೇ ನಿಲ್ತಿತ್ತ್. ಎರಡ್ ಚಮ್ಚಕ್ಕೆ ಎಂತ ಆತ್ತ್ ಅಂದ್ಕಂಡೆ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಖಾಲಿ ಬೋಗಿಯಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಸತ್ತಿದ್ದರೆ ನಗುವುದಕ್ಕೆ ನನ್ನನ್ನು ಯಾರಿಗೆ ಒಪ್ಪಿಸಿ ಹೋಗುತ್ತಿದ್ದಿರಿ ಎಂದೆ. ಇವರು ತಲೆ ತಗ್ಗಿಸಿಕೊಂಡು ಬೈಸಿಕೊಂಡರು. ರೈಲು ನೆಲದಿಂದ ಮೇಲೆ ಬಂದು ಬಿಸಿಲು ಒಳಗೆ ನುಗ್ಗಿದಾಗ ನಾನು ಚೀಲವನ್ನು ನೆರಳಿಗೆ ಸರಿಸಿದೆ. ಅಲ್ ವಕ್ರಾ ಬರುವ ಹೊತ್ತಿಗೆ ಬೈಗಳೂ ಮುಗಿದಿದ್ದವು. ಬಸವರಾಜ ಬಾಗಿಲ ಹತ್ತಿರವೇ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಇವರ ಮುಖ ನೋಡಿ, “ಅಣ್ಣಾರ, ಗ್ರೀಕ್ ಊಟ ಭಾಳ ಮೈಗೆ ಹತ್ತೈತಲ್ರಿ,” ಎಂದ. ನನಗೆ ನಗು ಉಕ್ಕಿ ಬಂತು.

ತಕ್ಷಣ ತಿರುಗಿ ಇವರ ಕೈ ನೋಡಿದೆ, ಬಾಯಿ ನೋಡಿದೆ. ಮೊದಲು ನನಗೆ ಚಟ್ಲಿಯ ಹೆದರಿಕೆ ಒಂದೇ ಇತ್ತು. ಈಗ, ನಾನು ನಗುವಾಗ ಇವರು ಏನನ್ನು ನುಂಗುತ್ತಿದ್ದಾರೋ ಎಂಬ ಹೆದರಿಕೆಯೂ ಸೇರಿಕೊಂಡಿದೆ.